ಒಬ್ಬರೇ ಇದ್ದ ಚೌಕ

ಅಕ್ಟೋಬರ್ ೧, ಬುಧವಾರ

ಚೀಟಿ ಎತ್ತುವುದು ಮುಗಿಯಿತು. ಬದುಕಿದೆಯಾ ಬಡಜೀವವೇ!

ಪುರಸಭೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆ ಊರೇ ಬಂದಿತ್ತು, ಅರ್ಧ ಮಂದಿ ನಂಬಿ, ಇನ್ನರ್ಧ ಮಂದಿ ನಗಲು. ಕಲ್ಲುಕ್ವಾರಿಯ ಗುತ್ತಿಗೆ ಈ ವರ್ಷ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ಪುರಸಭೆಯವರು ವರ್ಷಗಟ್ಟಲೆ ಕಿತ್ತಾಡಿ, ಕೊನೆಗೆ ತಮ್ಮ ಮೈಮೇಲೆ ಬರುವುದು ಬೇಡವೆಂದು ನಾಗರಿಕ ಸಭೆಯ ತಲೆಗೆ ಕಟ್ಟಿದ್ದಾರೆ. ಊರಿನವರಲ್ಲೇ ಮೂವತ್ತು ಜನರನ್ನು ಚೀಟಿ ಎತ್ತಿ ಆರಿಸುವುದು, ನಾಲ್ಕು ಭಾನುವಾರ ಕೂರಿಸುವುದು, ಎಲ್ಲ ಕಡೆಯವರ ಮಾತನ್ನೂ ಕೇಳಿಸುವುದು. ಆಮೇಲೆ ಅವರು ಏನೆನ್ನುತ್ತಾರೋ ಅದನ್ನು ಪುರಸಭೆ ಒಪ್ಪಬೇಕು. ಯಾರು ಯಾವಾಗ ಮಾತಾಡಬೇಕು, ಪ್ರಶ್ನೆ ಹೇಗಿರಬೇಕು, ಯಾವ ಮೇಜಿಗೆ ಯಾರು, ಇದನ್ನೆಲ್ಲ ಕಟ್ಟಿಕೊಡುವುದು ನನ್ನ ಕಸುಬು. ಬೇರೆ ಊರುಗಳಲ್ಲಿ ಬೇಕಾದಷ್ಟು ಮಾಡಿದ್ದೇನೆ. ಸ್ವಂತ ಊರಿನಲ್ಲಿ ಇದೇ ಮೊದಲು.

ಡ್ರಮ್ಮಿನಲ್ಲಿ ಇದ್ದದ್ದು ಹೆಸರಲ್ಲ, ಬರೀ ನಂಬರು. ಯಾವ ನಂಬರು ಯಾರದೆಂದು ಗೊತ್ತಿರುವುದು ನನಗೆ ಮತ್ತು ನನ್ನ ಜೊತೆ ಕೆಲಸ ಮಾಡುವ ಲೆಕ್ಕದ ಮೇಷ್ಟ್ರಿಗೆ ಮಾತ್ರ. ಸಭೆ ಮುಗಿಯುವವರೆಗೆ ಒಂದು ಹೆಸರೂ ಹೊರಗೆ ಹೋಗುವುದಿಲ್ಲ ಎಂದು ಮೈಕಿನಲ್ಲಿ ಹೇಳಿದೆ. ಕೊನೆಯ ಸಾಲಿನಲ್ಲಿ ಕ್ವಾರಿಯ ಮ್ಯಾನೇಜರ್ ಕೂತಿದ್ದರು. ಇಸ್ತ್ರಿ ಹಾಕಿದ ಬಿಳಿ ಶರ್ಟು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವರೂ ಅವರೇ.

ಮನೆಗೆ ಬಂದು ಗಂಡನಿಗೆ ಹೇಳಿದರೆ ಇವರು ನಕ್ಕುಬಿಟ್ಟರು. "ಈ ಊರಲ್ಲಿ ಗುಟ್ಟಾ? ನಾನು ಪ್ರೆಸ್ಸಿನಲ್ಲಿ ಸೀನಿದ್ರೆ ನೀನು ಮನೇಲಿ ಕಷಾಯ ಇಟ್ಟಿರ್ತೀಯ!" ಇವರು ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ಎಲ್ಲದರಲ್ಲೂ ತಪ್ಪು ಹುಡುಕುವುದು ರೂಢಿಯಾಗಿಬಿಟ್ಟಿದೆ, ಬಿಡಿ.

ಅಕ್ಟೋಬರ್ ೩, ಶುಕ್ರವಾರ

ಮೇಷ್ಟ್ರ ಜೊತೆ ಸಣ್ಣ ಜಗಳ.

ಆಯ್ಕೆಯಾದ ಮೂವತ್ತು ಜನ ಊರಿನ ಪಡಿಯಚ್ಚಿನಂತೆ ಇರಬೇಕಷ್ಟೆ. ಗಂಡಸೆಷ್ಟು, ಹೆಂಗಸೆಷ್ಟು, ಯಾವ ವಯಸ್ಸು, ಯಾವ ಓಣಿ, ಕ್ವಾರಿಯಿಂದ ಅನ್ನ ತಿನ್ನುವ ಮನೆಯೋ ಅಲ್ಲವೋ, ಇವನ್ನೆಲ್ಲ ಒಂದು ಕೋಷ್ಟಕ ಮಾಡಿ ಪುರಸಭೆಯ ಬೋರ್ಡಿಗೆ ಅಂಟಿಸುವುದು ನನ್ನ ಪದ್ಧತಿ. ಮೋಸವಿಲ್ಲ ಎಂದು ಜನ ತಾವೇ ನೋಡಿಕೊಳ್ಳಲಿ.

ಮೇಷ್ಟ್ರು ಕನ್ನಡಕ ಹಣೆಗೇರಿಸಿ, "ಮೇಡಂ, ಒಬ್ಬೊಬ್ಬರೇ ಬಂದಿರೋ ಚೌಕಗಳನ್ನ ಪಕ್ಕದ್ದಕ್ಕೆ ಸೇರಿಸಿಬಿಡೋಣ. ಒಂದು ಅಂತ ತೋರಿಸೋದು ಒಳ್ಳೇದಲ್ಲ" ಎಂದರು.

"ಹೆಸರು ಎಲ್ಲಿದೆ ಮೇಷ್ಟ್ರೇ ಅದರಲ್ಲಿ? ಬರೀ ಅಂಕಿ. ಸೇರಿಸಿದ್ರೆ ನಾಳೆ ಏನೋ ಮುಚ್ಚಿಟ್ಟಿದಾರೆ ಅಂತಾರೆ."

"ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿಲ್ಲ, ನೀವ್ಯಾಕೆ ಹೆಗಲು ಮುಟ್ಕೋತೀರಿ?"

ನನಗೆ ರೇಗಿತು. ಪಾರದರ್ಶಕತೆ ಎಂದರೆ ಪಾರದರ್ಶಕತೆ, ಅದರಲ್ಲಿ ಅರ್ಧಂಬರ್ಧ ಇಲ್ಲ ಎಂದೆ. ನಾನೇ ಕೈಯಾರೆ ಗೋಂದು ಹಚ್ಚಿ ಅಂಟಿಸಿ ಬಂದೆ. ಜನ ಗುಂಪುಗೂಡಿ ನೋಡುತ್ತಿದ್ದರು. ಹೆಮ್ಮೆಯಾಯಿತು.

ಅಕ್ಟೋಬರ್ ೫, ಭಾನುವಾರ

ಮೊದಲ ಸಭೆ. ಊರಾಚೆಯ ತರಬೇತಿ ಕೇಂದ್ರದಲ್ಲಿ ಆರು ಮೇಜು, ಮೇಜಿಗೆ ಐವರು. ಪರದೆ ಎಳೆದ ಬಸ್ಸಿನಲ್ಲಿ ಕರೆತಂದೆವು. ಹತ್ತುವಾಗ ಒಬ್ಬರ ಮುಖ ಒಬ್ಬರು ನೋಡಿ, "ಅಯ್ಯೋ ನೀನೂನಾ!" ಎಂದು ನಕ್ಕದ್ದೇ ನಕ್ಕದ್ದು. ಬಸ್ ಕಂಡಕ್ಟರೊಬ್ಬರು, ಸೈಕಲ್ ರಿಪೇರಿಯವರು, ಹೊಲಿಗೆ ಟೀಚರ್, ಕೂತಲ್ಲಿ ಕೂರದ ಕಾಲೇಜು ಹುಡುಗಿ. ಮತ್ತೆ ನಮ್ಮ ಆಯಮ್ಮ.

ಆಯಮ್ಮ ಶಿಶುವಿಹಾರದಲ್ಲಿ ಆಯಾ ಆಗಿದ್ದವರು. ಅರ್ಧ ಊರನ್ನು ಸೊಂಟದ ಮೇಲೆ ಹೊತ್ತಿದ್ದಾರೆ. ನನ್ನ ಮಗಳನ್ನೂ. ಎಲ್ಲರೂ ಪರಿಚಯ ಹೇಳಿಕೊಳ್ಳಿ ಎಂದರೆ, "ನಾನೇನು ಹೇಳ್ಕೊಳ್ಳೋದು, ಇಲ್ಲಿರೋ ಎಂಟು ಜನರ ಮೂಗು ಒರೆಸಿದೀನಿ. ಅವರೇ ಹೇಳ್ಲಿ" ಎಂದರು. ಭೂವಿಜ್ಞಾನಿಯ ಭಾಷಣಕ್ಕೆ ಬಾಯಿ ತೆರೆದು ನಿದ್ದೆ ಹೊಡೆದರು. ಎಚ್ಚರವಾದೊಡನೆ, "ಹೌದು ಹೌದು, ಅವರು ಹೇಳಿದ್ದು ಸರಿ" ಎಂದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಅವರ ಮಗ ಕ್ವಾರಿಯಲ್ಲಿ ಲಾರಿಗಳ ತೂಕ ಬರೆಯುವವನು. "ನನ್ನ ಮಗನ ಅನ್ನ ಅಲ್ಲಿದೆ. ಮುಚ್ಚಿ ಅಂದೋರ ಬಾಯಿ ನಾನು ಮುಚ್ಚಿಸ್ತೀನಿ ನೋಡಿ" ಎಂದು ಬಹಿರಂಗವಾಗಿಯೇ ಹೇಳಿದರು. ಹೇಳಲಿ, ತಪ್ಪೇನು? ಎಲ್ಲರೂ ಒಂದೊಂದು ಮನಸ್ಸು ತಂದಿರುತ್ತಾರೆ. ಕೇಳುತ್ತ ಕೇಳುತ್ತ ಅದು ಅಲುಗಾಡುತ್ತದೆ. ಆ ಅಲುಗಾಟ ನೋಡಲಿಕ್ಕೇ ನಾನು ಈ ಕೆಲಸಕ್ಕೆ ಬಂದದ್ದು. ನಮ್ಮ ಕೈ ಅದಕ್ಕೆ ತಾಗಬಾರದು, ಅಷ್ಟೆ.

ಅಕ್ಟೋಬರ್ ೮, ಬುಧವಾರ

ಮನೆಗೆ ಎರಡು ಸಲ ಫೋನು. ಎತ್ತಿದರೆ ಮಾತಿಲ್ಲ. ಉಸಿರಾಡುವುದು ಮಾತ್ರ ಕೇಳುತ್ತದೆ. ರಾಂಗ್ ನಂಬರ್ ಇರಬೇಕು.

ಅಕ್ಟೋಬರ್ ೧೨, ಭಾನುವಾರ

ಎಡವಟ್ಟಾಗಿದೆ.

ಎರಡನೆಯ ಸಭೆಯಲ್ಲಿ ಆಯಮ್ಮ ತುಟಿ ಬಿಚ್ಚಲಿಲ್ಲ. ನಿದ್ದೆಯನ್ನೂ ಮಾಡಲಿಲ್ಲ. ಬಿಡುವಿನಲ್ಲಿ ಕೈ ತೊಳೆಯುವಲ್ಲಿ ಒಬ್ಬರೇ ನಿಂತಿದ್ದರು, ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಮೈ ಹುಷಾರಿಲ್ಲವೇ ಎಂದು ಕೇಳಿದೆ.

"ಮಗನ್ನ ತೂಕದ ಕೆಲಸದಿಂದ ತೆಗೆದ್ರಮ್ಮ. ಈಗ ಸಿಡಿಯದ ಕುಳಿ ನೋಡೋಕೆ ಹಾಕಿದಾರೆ."

ಬಂಡೆಗೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸುತ್ತಾರಲ್ಲ, ಅದರಲ್ಲಿ ಒಂದೆರಡು ಸಿಡಿಯದೆ ಉಳಿಯುತ್ತವೆ. ಯಾಕೆ ಸಿಡಿಯಲಿಲ್ಲ ಎಂದು ಹತ್ತಿರ ಹೋಗಿ ನೋಡುವ ಕೆಲಸ. ಅದಕ್ಕೆ ಅನುಭವಸ್ಥರೂ ಹಿಂದೆ ಮುಂದೆ ನೋಡುತ್ತಾರೆ. ಇವನು ಜೀವಮಾನದಲ್ಲಿ ಪೆನ್ನು ಬಿಟ್ಟು ಬೇರೇನೂ ಹಿಡಿದವನಲ್ಲ.

"ಯಾಕಂತೆ?"

"ಮ್ಯಾನೇಜರು ಕರೆದು ನಗ್ತಾ ಹೇಳಿದ್ರಂತೆ, ನಿಮ್ಮಮ್ಮನಿಗೆ ಹೇಳಪ್ಪ, ಸಭೇಲಿ ಒಳ್ಳೇ ಯೋಚನೆ ಮಾಡ್ಲಿ ಅಂತ. ನಾನು ಯಾರಿಗೂ ಹೇಳಿಲ್ಲಮ್ಮ, ನನ್ನಾಣೆಗೂ ಹೇಳಿಲ್ಲ. ಅವರಿಗೆ ಹೇಗೆ ಗೊತ್ತಾಯ್ತು?"

ನನಗೆ ಅಲ್ಲೇ ಹೊಳೆಯಿತು. ನಾನು ಅಂಟಿಸಿದ ಕೋಷ್ಟಕ. ಹೆಂಗಸು, ಅರವತ್ತು ದಾಟಿದವರು, ಕ್ವಾರಿ ಕೆಲಸದ ಮನೆ, ಮೇಲಿನ ಓಣಿ: ಒಂದು. ಮೇಲಿನ ಓಣಿಯಲ್ಲಿ ಕ್ವಾರಿ ಕೆಲಸದ ಮನೆಗಳೇ ಮೂರು. ಅವುಗಳಲ್ಲಿ ಅರವತ್ತು ದಾಟಿದ ಹೆಂಗಸು ಇವರೊಬ್ಬರೇ. ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದರೆ ಸಾಕಿತ್ತು. ಬಾವಿಗೆ ತಳ್ಳಿದ್ದು ನಾನೇ.

"ಗೊತ್ತಿಲ್ಲ ಆಯಮ್ಮ" ಎಂದೆ. ಅವರು ನನ್ನ ಬೆನ್ನು ಸವರಿ, "ನೀನ್ಯಾಕೆ ಹಿಂಗೆ ಬೆಳ್ಳಗಾದೆ?" ಎಂದು ನನಗೇ ಸಮಾಧಾನ ಹೇಳಿದರು.

ವಾಪಸು ಬರುವಾಗ ಬಸ್ಸು ನಿಲ್ಲಿಸಿ ಕೋಷ್ಟಕ ಕಿತ್ತು ತಂದೆ. ಉಪಯೋಗವೇನು? ಮೇಷ್ಟ್ರಿಗೆ ಹೇಳಿಲ್ಲ. ಹೇಳಿದರೆ ಅವರ ಮುಖ ನೋಡಲಾಗುವುದಿಲ್ಲ.

ಅಕ್ಟೋಬರ್ ೧೩, ಸೋಮವಾರ

ಮ್ಯಾನೇಜರ್ ಆಫೀಸಿಗೇ ಬಂದಿದ್ದರು. ಬಾಗಿಲಲ್ಲಿ ಬೂಟು ಒರೆಸಿಕೊಂಡು, ಕೂರಲು ಅಪ್ಪಣೆ ಕೇಳಿ ಕೂತರು. ಸಭೆ ಬಹಳ ಚೆನ್ನಾಗಿ ನಡೆಯುತ್ತಿದೆಯಂತೆ ಎಂದು ಹೊಗಳಿದರು. ಆಯಮ್ಮನ ಮಗನ ಮಾತು ನಾನೇ ಎತ್ತಬೇಕೆಂದಿದ್ದೆ. ಎತ್ತಿದರೆ ಅವರು ಸದಸ್ಯರು ಎಂದು ನಾನೇ ಒಪ್ಪಿಕೊಂಡಂತಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ನಿಮ್ಮ ಮಗಳು ಟ್ಯೂಷನ್ ಮುಗಿಸಿ ಕ್ವಾರಿ ರೋಡಲ್ಲೇ ಅಲ್ವಾ ಸೈಕಲ್ಲಲ್ಲಿ ಬರೋದು? ಲಾರಿ ಓಡಾಟ ಜಾಸ್ತಿ ಮೇಡಂ. ನಮ್ಮ ಡ್ರೈವರುಗಳಿಗೆ ಹೇಳಿಟ್ಟಿದೀನಿ, ಆ ಕೆಂಪು ಸೈಕಲ್ ಕಂಡ್ರೆ ನಿಧಾನಕ್ಕೆ ಹೋಗಿ ಅಂತ."

ನಾನು "ಥ್ಯಾಂಕ್ಸ್" ಎಂದೆ. ಥ್ಯಾಂಕ್ಸ್ ಅಂತೆ! ನನ್ನ ನಾಲಿಗೆಗೆ ಬೆಂಕಿ ಹಾಕ.

ಮಧ್ಯಾಹ್ನ ಎಂದಿನಂತೆ ಕ್ವಾರಿಯ ಸದ್ದು ಬಂತು. ಕಿಟಕಿಯ ಗಾಜು ಗಡಗಡಿಸಿತು. ಇಷ್ಟು ವರ್ಷ ಕೇಳಿದ ಸದ್ದು, ಇವತ್ತು ಮೇಜಿನ ಅಂಚು ಹಿಡಿದುಕೊಂಡೆ. ಆಯಮ್ಮನ ಮಗ ಈಗ ಹತ್ತಿರ ಹೋಗುತ್ತಿರುತ್ತಾನೆ ಎಂದು ನೆನಪಾಯಿತು.

ಅಕ್ಟೋಬರ್ ೧೫, ಬುಧವಾರ

ಫೋನು ಮಗಳು ಎತ್ತಿದಳು. "ಅಮ್ಮಾ, ಯಾರೋ ಉಸಿರಾಡ್ತಿದಾರೆ" ಎಂದು ನಗುತ್ತ ರಿಸೀವರ್ ನನ್ನ ಕಡೆ ಚಾಚಿದಳು. ಕಿತ್ತುಕೊಂಡು ಇಟ್ಟೆ. ಅವಳಿಗೆ ಬೈದೆ. ಪಾಪ, ಅವಳದೇನು ತಪ್ಪು? ನಾಳೆಯಿಂದ ಸೈಕಲ್ ಬೇಡ, ಇವರೇ ಬಿಟ್ಟು ಕರೆತರಲಿ.

ಅಕ್ಟೋಬರ್ ೧೭, ಶುಕ್ರವಾರ

ಎರಡು ದಿನ ಕೂತು ಯೋಚಿಸಿದೆ. ನಾನು ಹೆದರಿ ಕೂತರೆ ಆಯಮ್ಮನನ್ನು ಕಾಪಾಡುವವರು ಯಾರು? ಸಭೆ ಬಿಸಿಯಾದಷ್ಟೂ ಅವರಿಗೆ ಅಪಾಯ. ಆದ್ದರಿಂದ ಸ್ವಲ್ಪ ತಣ್ಣಗೆ ಮಾಡಬೇಕು. ಸದಸ್ಯರ ಸುರಕ್ಷೆಗಾಗಿ ವ್ಯವಸ್ಥೆ ಬದಲಿಸುವ ಅಧಿಕಾರ ನನಗೆ ಇದ್ದೇ ಇದೆ, ನಿಯಮದಲ್ಲೇ ಬರೆದಿದೆ.

ಮೊದಲನೆಯದು, ಆಯಮ್ಮನನ್ನು ಹಿಂದಿನ ಮೇಜಿಗೆ ಹಾಕಿದ್ದೇನೆ. ಅಲ್ಲಿ ಇರುವವರೆಲ್ಲ ಮೆತ್ತಗಿನ ಜನ. ಕಾಲೇಜು ಹುಡುಗಿ ಮತ್ತು ಕಂಡಕ್ಟರ್ ಪ್ರಶ್ನೆ ಕೇಳಿ ಕೇಳಿ ಬಿಸಿ ಮಾಡುತ್ತಾರೆ, ಅವರಿಬ್ಬರನ್ನು ಬೇರೆ ಬೇರೆ ಮಾಡಿದ್ದೇನೆ. ಆಮೇಲೆ ಶ್ವಾಸಕೋಶದ ಡಾಕ್ಟರಿಗೆ ಫೋನ್ ಮಾಡಿ, ಈ ಭಾನುವಾರ ಬರುವುದು ಬೇಡ, ಸಮಯ ಸಾಲುವುದಿಲ್ಲ ಎಂದೆ. ಧೂಳು ಕುಡಿದ ಎದೆಗಳ ಎಕ್ಸ್‌ರೇ ತೋರಿಸುವವರಿದ್ದರು. ಅದನ್ನು ನೋಡಿದರೆ ಜನ ಉದ್ರೇಕಗೊಳ್ಳುತ್ತಾರೆ. ಎಕ್ಸ್‌ರೇ ವಿಷಯ ಬರವಣಿಗೆಯಲ್ಲಿ ಹಂಚಿದರಾಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಕ್ಟೋಬರ್ ೧೯, ಭಾನುವಾರ

ಮೂರನೆಯ ಸಭೆ ಸದ್ದಿಲ್ಲದೆ ಮುಗಿಯಿತು. ಯಾರೂ ದನಿ ಏರಿಸಲಿಲ್ಲ. ಸೈಕಲ್ ರಿಪೇರಿಯವರು, "ಡಾಕ್ಟರ್ ಬರ್ತಾರೆ ಅಂದಿದ್ರಿ?" ಎಂದರು. ತುರ್ತು ಕೆಲಸವಂತೆ ಎಂದೆ. ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದರು. ಬರವಣಿಗೆ ಹಂಚಲು ಮರೆತುಹೋಯಿತು.

ಆಯಮ್ಮ ಊಟ ಮುಟ್ಟಲಿಲ್ಲ. ಹೋಗುವಾಗ ಕೇಳಿದರು: "ಆ ಕಡೆ ಮೇಜಲ್ಲಿ ಏನೇನೋ ಮಾತಾಡ್ತಿದ್ರು, ನಮ್ಮ ಮೇಜಲ್ಲಿ ಎಲ್ಲಾ ಬಾಯಿಗೆ ಬೀಗ. ನನ್ನನ್ನ ಯಾಕೆ ಅಲ್ಲಿ ಕೂರಿಸ್ದೆ?" ಗಾಳಿ ಬರಲಿ ಅಂತ ಎಂದೆ. "ಗಾಳೀನಾ!" ಎಂದು ಬಸ್ಸು ಹತ್ತಿದರು.

ಬುಧವಾರದ ಮೇಲೆ ಫೋನ್ ಬಂದಿಲ್ಲ. ಇವತ್ತೂ ಇಲ್ಲ.

ಅಕ್ಟೋಬರ್ ೨೨, ಬುಧವಾರ

ಮೇಷ್ಟ್ರು ಕೆಲಸ ಬಿಟ್ಟರು.

ಕೊನೆಯ ಸಭೆಯ ಮತದ ಚೀಟಿಯ ಪ್ರಶ್ನೆಯನ್ನು ಬದಲಿಸಿದ್ದೆ. "ಗುತ್ತಿಗೆ ಮುಂದುವರಿಸಬೇಕೇ, ಬೇಡವೇ?" ಎಂದಿದ್ದನ್ನು "ಗುತ್ತಿಗೆಯನ್ನು ಯಾವ ಷರತ್ತುಗಳ ಮೇಲೆ ಮುಂದುವರಿಸಬೇಕು?" ಎಂದು ಮಾಡಿದೆ. ಕೆಳಗೆ ಎಂಟು ಷರತ್ತು: ನೀರು ಚಿಮುಕಿಸುವುದು, ಲಾರಿಗೆ ಟಾರ್ಪಾಲು, ಸಿಡಿಸುವ ಹೊತ್ತು ಕಡಿಮೆ ಮಾಡುವುದು, ಹೀಗೆ. ಗುರುತು ಹಾಕಿದರೆ ಆಯಿತು. ಯಾರೂ ಯಾರ ವಿರುದ್ಧವೂ ನಿಲ್ಲಬೇಕಾಗಿಲ್ಲ. ಆಯಮ್ಮನೂ ಸಹ.

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ, "ಮೇಡಂ, ನಾನು ಮಕ್ಕಳಿಗೆ ಪರೀಕ್ಷೆ ಮಾಡಿದವನು. ಉತ್ತರ ಮೊದಲೇ ಬರೆದು ಪ್ರಶ್ನೆ ಕೊಡೋದನ್ನ ಇವತ್ತೇ ನೋಡ್ತಿರೋದು" ಎಂದರು.

"ಮೇಷ್ಟ್ರೇ, ಒಂದು ಜೀವದ ಪ್ರಶ್ನೆ ಇದು. ನಿಮಗೆ ಎಲ್ಲಾ ಗೊತ್ತಿಲ್ಲ."

"ಗೊತ್ತಿಲ್ಲದೆ ಏನು? ಆಯಮ್ಮನ ಮಗನ್ನ ಕುಳಿಗೆ ಹಾಕಿದ್ದು ನನಗೂ ಕಿವಿಗೆ ಬಿದ್ದಿದೆ. ಆ ಒಂದು ಅಂತಿದ್ದ ಚೌಕ ನೋಡಿದ ದಿನವೇ ನನಗೂ ನಿದ್ದೆ ಹೋಗಿದೆ. ಹೋಗಿ ಆಯಮ್ಮನಿಗೆ ನಿಜ ಹೇಳಿ. ಸಭೇಲಿ ಎದ್ದು ನಿಂತು ಎಲ್ಲರಿಗೂ ಹೇಳಿ, ಹೀಗಾಗಿದೆ, ಹೆದರಿಸ್ತಿದಾರೆ ಅಂತ. ಮೂವತ್ತು ಜನ ಇದಾರೆ, ಏನು ಮಾಡೋಣ ಅಂತ ಅವರನ್ನೇ ಕೇಳಿ. ಅದಕ್ಕೇ ಅಲ್ವಾ ಸಭೆ?"

ಹೇಳುವುದು ಸುಲಭ. ಅವರಿಗೆ ಮಗಳಿಲ್ಲ. "ನೀವು ಲೆಕ್ಕ ನೋಡ್ಕೊಳ್ಳಿ" ಎಂದೆ. ಅವರು ಪೆನ್ನು, ಛತ್ರಿ, ಊಟದ ಡಬ್ಬಿ ತೆಗೆದುಕೊಂಡು ಹೋದರು. ವಯಸ್ಸಾದವರಿಗೆ ಹಟ ಜಾಸ್ತಿ.

ಅಕ್ಟೋಬರ್ ೨೪, ಶುಕ್ರವಾರ

ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. ಆಯಮ್ಮನ ಮಗನನ್ನು ಮತ್ತೆ ತೂಕದ ಕೆಲಸಕ್ಕೆ ಹಾಕಿದ್ದಾರಂತೆ. ಮ್ಯಾನೇಜರ್ ಫೋನ್ ಮಾಡಿ ಅವರೇ ಹೇಳಿದರು, ನಾನು ಕೇಳದೆಯೇ. "ನೀವು ಬಹಳ ಪ್ರಬುದ್ಧವಾಗಿ ನಡೆಸ್ತಿದೀರಿ ಮೇಡಂ" ಎಂದರು.

ನೋಡು ಮತ್ತೆ. ಎದ್ದು ನಿಂತು ಕೂಗಿದ್ದರೆ ಆಗುತ್ತಿತ್ತೇ ಇದು? ಮಗಳು ಸೈಕಲ್ ಕೇಳಿದಳು, ಕೊಟ್ಟೆ.

ಅಕ್ಟೋಬರ್ ೨೬, ಭಾನುವಾರ

ಕೊನೆಯ ಸಭೆ.

ಎಲ್ಲ ಸರಿಯಾಗಿಯೇ ಇತ್ತು. ಚೀಟಿ ಹಂಚಿದೆ. ಗುಟ್ಟಿನ ಮತ, ಅಡ್ಡ ಹಲಗೆ ಇಟ್ಟಿದ್ದೆ, ಯಾರದು ಯಾರಿಗೂ ಕಾಣುವಂತಿರಲಿಲ್ಲ. ಪುರಸಭೆಯ ಅಧ್ಯಕ್ಷರು ಬಂದಿದ್ದರು. ಕೊನೆಯ ಸಭೆಗೆ ಎರಡೂ ಕಡೆಯವರು ಬಂದು ಕೂರಬಹುದು, ಹಾಗಾಗಿ ಮ್ಯಾನೇಜರೂ ಇದ್ದರು.

ಆಯಮ್ಮ ಚೀಟಿಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಪಕ್ಕದವರನ್ನು ಏನೋ ಕೇಳಿದರು. ಆಮೇಲೆ ಕುರ್ಚಿ ಸರಿಸಿ ಎದ್ದರು.

"ಇದರಲ್ಲಿ ಬೇಡ ಅನ್ನೋಕೆ ಜಾಗ ಎಲ್ಲಿದೆ?"

ಎಲ್ಲರೂ ಚೀಟಿಯಿಂದ ತಲೆಯೆತ್ತಿದರು. ಕೂತುಕೊಳ್ಳಿ ಆಯಮ್ಮ, ಆಮೇಲೆ ವಿವರಿಸುತ್ತೇನೆ ಎಂದೆ. ಅವರು ಕೂರಲಿಲ್ಲ. ಮ್ಯಾನೇಜರ್ ಕಡೆ ಮುಖ ಮಾಡಿಯೇ ಮಾತಾಡಿದರು, ಎಲ್ಲವನ್ನೂ ಆಡಿದರು. ಮೈಕು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಕ್ಕಳ ಗಲಾಟೆಯ ಮೇಲೆ ಮಾತಾಡಿದ ಗಂಟಲು ಅದು. ಅಯ್ಯೋ ಈ ಮುದುಕಿ ಎಲ್ಲ ಹಾಳುಮಾಡಿತಲ್ಲ, ಇವಳಿಗೋಸ್ಕರ ನಾನು ಇಷ್ಟೆಲ್ಲ ಮಾಡಿದರೆ, ಎಂದು ಸಿಟ್ಟು ಬಂತು. "ಆಯಮ್ಮ, ಇದು ಚರ್ಚೆಯ ಹೊತ್ತಲ್ಲ, ಮತದ ಹೊತ್ತು" ಎಂದು ಅವರ ಮಾತಿನ ಮೇಲೆಯೇ ಮೈಕಿನಲ್ಲಿ ಹೇಳಿದೆ. ಎರಡು ಸಲ ಹೇಳಿದೆ.

ಎಣಿಸಿದಾಗ ಇಪ್ಪತ್ತೊಂದು ಚೀಟಿಯಲ್ಲಿ ಷರತ್ತುಗಳಿಗೆ ಗುರುತು ಇತ್ತು. ಒಂಬತ್ತರಲ್ಲಿ ಗುರುತಿಲ್ಲ. ಅಂಚಿನಲ್ಲಿ, ಹಿಂಬದಿಯಲ್ಲಿ, ಸಿಕ್ಕ ಸಿಕ್ಕಲ್ಲಿ ಪೆನ್ನಿನಲ್ಲಿ "ಬೇಡ" ಎಂದು ಬರೆದಿದ್ದರು. ಕೊಟ್ಟ ಉತ್ತರಗಳ ಹೊರಗೆ ಬರೆದದ್ದು ಅಸಿಂಧು, ಅದು ಎಲ್ಲ ಕಡೆಯ ನಿಯಮ. ಒಂಬತ್ತು ಅಸಿಂಧು ಎಂದು ಘೋಷಿಸಿದೆ. ಕಂಡಕ್ಟರ್ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಮ್ಯಾನೇಜರ್ ಈ ಸಲವೂ ಮೊದಲು ಚಪ್ಪಾಳೆ ಹೊಡೆದರು.

ಬಸ್ಸಿನಲ್ಲಿ ಆಯಮ್ಮನ ಪಕ್ಕ ಜಾಗವಿತ್ತು. ನಾನು ಮುಂದೆ ಡ್ರೈವರ್ ಹತ್ತಿರ ಕೂತೆ.

ಅಕ್ಟೋಬರ್ ೨೭, ಸೋಮವಾರ

ಅವರ ಮಗನನ್ನು ಮತ್ತೆ ಕುಳಿಗೆ ಹಾಕಿದ್ದಾರೆ. ಬೆಳಗ್ಗೆ ಹಾಲಿನವನು ಹೇಳಿದ.

ಮಧ್ಯಾಹ್ನದ ಸದ್ದಿಗೆ ಕಿವಿ ಮುಚ್ಚಿಕೊಂಡೆ. ಆಮೇಲೆ ಓಣಿಯಲ್ಲಿ ಯಾರಾದರೂ ಓಡುತ್ತಾರೇನೋ ಎಂದು ಕಿಟಕಿಯಲ್ಲಿ ನಿಂತೆ. ಯಾರೂ ಓಡಲಿಲ್ಲ.

ಅಕ್ಟೋಬರ್ ೨೮, ಮಂಗಳವಾರ

ವರದಿ ಮುಗಿಸಿದೆ. ಊರಿನ ಪ್ರತಿ ಮನೆಗೂ ಒಂದೊಂದು ಪ್ರತಿ ಹೋಗುತ್ತದೆ, ಇವರ ಪ್ರೆಸ್ಸಿನಲ್ಲೇ ಅಚ್ಚು. ಒಪ್ಪದವರ ಮಾತು ಅವರದೇ ಮಾತಿನಲ್ಲಿ ವರದಿಯಲ್ಲಿ ಬರಬೇಕು ಎನ್ನುವುದು ನಾನೇ ಎಲ್ಲ ಊರಿನಲ್ಲೂ ಹಟ ಹಿಡಿದು ಮಾಡಿಸಿದ ನಿಯಮ. ಆಯಮ್ಮನ ಮಾತು ಪೂರ್ತಿ ನನಗೆ ಬಾಯಿಪಾಠವಾಗಿದೆ, ಬೇಡವೆಂದರೂ ಮರೆಯುವುದಿಲ್ಲ. ಬರೆದೂ ಇದ್ದೆ.

ಅಷ್ಟರಲ್ಲಿ ಮ್ಯಾನೇಜರ್ ಫೋನ್. "ವರದಿ ಮನೆಮನೆಗೂ ಹೋಗುತ್ತಂತಲ್ಲ ಮೇಡಂ? ಹೆಸರು ಗಿಸರು ಏನೂ ಇರಲ್ಲ ತಾನೇ? ಪಾಪ, ಅವರಿಗೇ ತೊಂದರೆ. ಮನೇಲಿ ಎಲ್ಲಾ ಆರಾಮಾ? ಮಗಳು ಮತ್ತೆ ಸೈಕಲ್ ಹತ್ತಿದ್ಲು, ನೋಡಿದೆ."

ಹೌದು, ಅವರಿಗೇ ತೊಂದರೆ. ಆ ಮನುಷ್ಯ ಹೇಳಿದರೂ ಮಾತಿನಲ್ಲಿ ನ್ಯಾಯವಿದೆ. ಒಂದು ಸಲ ಹೆಸರು ಹೊರಗೆ ಹೋಗಿ ಆದದ್ದು ಸಾಲದೇ? ಆ ಭಾಗ ತೆಗೆದೆ. "ಕೆಲವು ಸದಸ್ಯರು ಭಿನ್ನ ಅಭಿಪ್ರಾಯ ವ್ಯಕ್ತಪಡಿಸಿದರು" ಎಂದು ಒಂದು ಸಾಲು ಹಾಕಿದೆ. ಚೆನ್ನಾಗಿ ಕೂತಿದೆ.

ಅಕ್ಟೋಬರ್ ೨೯, ಬುಧವಾರ

ಇವರು ಬೆಳಗ್ಗೆಯೇ ಕರಡು ತಿದ್ದಿ ಮುಗಿಸಿ ಪುಟಗಳನ್ನು ಪ್ರೆಸ್ಸಿಗೆ ಕೊಟ್ಟು ಬಂದರು. ಒಂದು ಪ್ರತಿ ಮನೆಯ ಮೇಜಿನ ಮೇಲೆ ಇತ್ತು. ಸಂಜೆ ಬಾಗಿಲು ಬಡಿದ ಸದ್ದು. ನನಗೆ ಈಗೀಗ ಬಾಗಿಲು ಬಡಿದರೆ ಜೀವ ಬಾಯಿಗೆ ಬರುತ್ತದೆ. ಸಂದಿಯಿಂದ ನೋಡಿದರೆ ಆಯಮ್ಮ.

ಒಳಗೆ ಬಂದು ಕೂತರು. ಮೆಟ್ಟಿಲು ಹತ್ತಿ ಏದುಸಿರು. ನೀರು ಕೊಟ್ಟೆ. ಮಗನ ಸುದ್ದಿ ಅವರೇ ಹೇಳಿದರು.

"ಹೋಗ್ತಾನೆ, ಬರ್ತಾನೆ. ಅವನು ಬರೋವರೆಗೆ ನಾನು ಬಾಗಿಲಲ್ಲಿ ಕೂತಿರ್ತೀನಿ. ನಿನ್ನೆ ಅವನೇ ಹೇಳ್ದ, ಅಮ್ಮಾ, ನನ್ನ ಹೆಸರು ಹೇಳಿ ನೀನು ಸುಮ್ನಿದ್ದಿದ್ರೆ ನಾನು ಯಾವ ಮುಖ ಇಟ್ಕೊಂಡು ಅನ್ನ ತಿನ್ಲಿ ಅಂತ." ನೀರು ಕುಡಿದು ಲೋಟ ಕೆಳಗಿಟ್ಟರು. "ಎಲ್ಲರ ಮನೆಗೂ ಪುಸ್ತಕ ಬರುತ್ತಂತಲ್ಲ. ನಾನು ಹೇಳಿದ್ದು ಹಾಕಿದೀಯಾ? ಎದುರಿಗೆ ಹೇಳಿದ್ದು ಬಾಯಿಮಾತು, ನಾಳೆ ಅವರು ಇಲ್ಲ ಅಂದುಬಿಡ್ತಾರೆ. ಅಚ್ಚಲ್ಲಿ ಇದ್ರೆ ಊರಿಗೆಲ್ಲ ಗೊತ್ತಿರುತ್ತೆ. ಆಗ ನನ್ನ ಮಗನಿಗೆ ಏನಾದ್ರೂ ಆದ್ರೆ ಯಾಕಾಯ್ತು ಅಂತಾನೂ ಗೊತ್ತಿರುತ್ತೆ. ಅವನನ್ನ ಮುಟ್ಟೋಕೆ ಅವರೂ ಯೋಚನೆ ಮಾಡ್ತಾರೆ."

ಇದು ನನಗೆ ಹೊಳೆದೇ ಇರಲಿಲ್ಲ. ನಿಜವಾಗಿಯೂ ಹೊಳೆದಿರಲಿಲ್ಲ.

"ಹಾಕಿದೀನಿ" ಎಂದೆ.

"ಓದು ನೋಡೋಣ. ಸಣ್ಣಕ್ಷರ ನನಗೆ ಕಾಣಲ್ಲ."

ಮೇಜಿನ ಮೇಲಿದ್ದ ಪ್ರತಿ ತೆಗೆದುಕೊಂಡೆ. ಹನ್ನೆರಡನೆಯ ಪುಟ ತೆರೆದೆ. ಅದರಲ್ಲಿ ಟಾರ್ಪಾಲಿನ ಷರತ್ತು ಇತ್ತು. ಅದರ ಮೇಲೆ ಕಣ್ಣಿಟ್ಟು ಓದಿದೆ:

"ನಾನು ಮೊದಲ ದಿನ ಬೇಕು ಅಂತಾನೇ ಬಂದವಳು. ಈಗ ಬೇಡ ಅಂತೀನಿ. ನನ್ನ ಮಗನ್ನ ಸಿಡಿಯದ ಕುಳಿಗೆ ಕಳಿಸಿ ನನ್ನ ಬಾಯಿ ಮುಚ್ಚಿಸೋಕೆ ನೋಡಿದ್ರು. ಒಬ್ಬ ಮುದುಕಿ ಚೀಟಿಗೆ ಇಷ್ಟು ಹೆದರೋರು, ನಾಳೆ ನಮ್ಮ ಗೋಡೆ ಬಿದ್ರೆ, ಮಕ್ಕಳ ಎದೆ ಕಟ್ಟಿದ್ರೆ ನಿಜ ಹೇಳ್ತಾರಾ? ನನಗೂ ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಹೆದರಿಕೆ ಇಟ್ಕೊಂಡೇ ಹೇಳ್ತಿದೀನಿ. ಬೇಡ ಅಂದೋಳು ಮೇಲಿನ ಓಣಿ ಆಯಮ್ಮ ಅಂತಾನೇ ಬರ್ಕೊಳ್ಳಿ."

ಒಂದು ಅಕ್ಷರ ತಪ್ಪಲಿಲ್ಲ. ನನ್ನ ದನಿಯೂ ನಡುಗಲಿಲ್ಲ.

ಆಯಮ್ಮ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅವತ್ತು ನೀನು ಮೈಕಲ್ಲಿ ಏನೋ ಅಂತಿದ್ಯಲ್ಲ, ನನ್ನ ಮಾತು ಕೇಳಿಸ್ಕೊಂಡಿಲ್ಲ ಅಂದ್ಕೊಂಡಿದ್ದೆ. ಎಲ್ಲಾ ಬರ್ದಿದೀಯ. ನಿ‌ನ್ನ ಮೇಲೆ ಸಿಟ್ಟಾಗಿದ್ದೆ ಕಣೆ, ತಪ್ಪಾಯ್ತು" ಎಂದರು. ನನ್ನ ಗಲ್ಲ ಹಿಡಿದು ಅಲುಗಿಸಿದರು. ಮಗನಿಗೆ ಹೇಳಬೇಕು, ಇವತ್ತಾದರೂ ಅವನು ನೆಮ್ಮದಿಯಾಗಿ ಮಲಗಲಿ ಎಂದು ಎದ್ದು ಹೊರಟರು.

ಇವರು ಒಳಕೋಣೆಯಿಂದ ಬಂದು ಮೇಜಿನ ಹತ್ತಿರ ನಿಂತರು. ಹನ್ನೆರಡನೆಯ ಪುಟ ಓದಿದರು. ಹಿಂದಿನದು, ಮುಂದಿನದು ತಿರುವಿದರು.

"ಇದನ್ನ ನಾನು ಮೂರು ಸಲ ತಿದ್ದಿದೀನಿ. ಈಗ ನೀನು ಓದಿದ್ದು ಎಲ್ಲಿದೆ?"

ನಾನು ಆಯಮ್ಮನ ಲೋಟ ಎತ್ತಿಕೊಂಡೆ.

"ಮಷೀನ್ ನಾಳೆ ಬೆಳಗ್ಗೆ ಶುರು ಮಾಡೋದು. ಈಗ ಫೋನ್ ಮಾಡಿದ್ರೆ ಒಂದು ಪುಟ ಬದಲಾಯಿಸ್ಬಹುದು. ಮಾಡ್ಲಾ?" ಇವರ ಕೈ ಆಗಲೇ ಫೋನಿನ ಮೇಲಿತ್ತು.

ಕೆಳಗೆ ಆಯಮ್ಮ ಇನ್ನೂ ಮೆಟ್ಟಿಲಿಳಿಯುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ನಿಂತು, ಗೋಡೆ ಹಿಡಿದು ಇಳಿಯುವುದು ಕೇಳುತ್ತಿತ್ತು. ಮಗಳು ಪಕ್ಕದ ಕೋಣೆಯಲ್ಲಿ ಓದಿಕೊಳ್ಳುತ್ತಿದ್ದಳು.

ಬೇಡ ಎಂದೆ.